ಎರಡು ಗೇಣು, ಒಂದು ಮಾರ್ಷಲ್

ನನಗೆ ಕೋಪ ಜಾಸ್ತಿ ಅನ್ನೋದು ಬನ್ನಿಮಂಟಪದಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಹಾಗಾಗಿ ಯಾದವಗಿರಿಯ ಹಲ್ಲಿನ ಡಾಕ್ಟರು ಸುಚಿತ್ರಾ ತಮ್ಮ ಹಳೆಯ ಮಾರ್ಷಲ್ ಜೀಪನ್ನು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿ, ಒಂದು ನಮಸ್ಕಾರ ಕೂಡ ಹೇಳದೆ ಮೊಬೈಲಿನಲ್ಲಿ ಯಾವುದೋ ಡಬ್ಬದ ಫೋಟೋ ತೋರಿಸಿದಾಗ ನನ್ನ ಮೈ ಉರಿದದ್ದರಲ್ಲಿ ಆಶ್ಚರ್ಯವಿಲ್ಲ.

“ಈ ಕಿಟ್ ಹಾಕಿದ್ರೆ ಗಾಡಿ ನಾಲ್ಕು ಇಂಚು ಮೇಲೇಳುತ್ತಂತೆ. ಹಾಕ್ಕೊಡ್ತೀರಾ?”

ಫೋಟೋದಲ್ಲಿ ಇಟ್ಟಿಗೆಯಂಥ ನಾಲ್ಕು ಕಬ್ಬಿಣದ ತುಂಡು, ಒಂದಿಷ್ಟು ಬೋಲ್ಟು. ಅಷ್ಟೇ.

“ಇದೇನಮ್ಮ, ಕುಳ್ಳಗಿರೋರು ಮಣೆ ಮ್ಯಾಲೆ ನಿಂತ್ಕಂಡು ಉದ್ದ ಆಗ್ಬುಟ್ಟೆ ಅಂದಂಗೆ!” ಅಂದೆ. “ಕಮಾನು ಕಟ್ಟೋ ಅಂಗ್ಡೀಗೆ ಬಂದು ಪ್ಯಾಕಿಂಗ್ ಇಡ್ತೀರಾ ಅಂತ ಕೇಳ್ತಿದ್ದೀರಲ್ಲ, ನಾನು ನಿಮ್ಮ ಕ್ಲಿನಿಕ್ಕಿಗೆ ಬಂದು ಹಲ್ಲಿಗೆ ಸುಣ್ಣ ಬಳೀರಿ ಅಂತ ಕೇಳ್ಲಾ?”

ಆಕೆ ಮುಖ ಊದಿಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ, ಜೋರಾಗಿ ನಕ್ಕರು. ಅಲ್ಲಿಂದ ನನಗೆ ಆಕೆ ಹಿಡಿಸಿದರು.

ಕಮಾನು ಅಂದರೆ ಬೇರೇನಲ್ಲ, ಗಾಡಿಯ ಭಾರವನ್ನು ಚಕ್ರದ ಮೇಲೆ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಒಂದರ ಕೆಳಗೊಂದು ಜೋಡಿಸಿ, ಬಿಲ್ಲಿನ ಹಾಗೆ ಬಾಗಿಸಿ ಕಟ್ಟುತ್ತೇವೆ. ಬಾಗು ಹೆಚ್ಚಿಸಿದರೆ ಗಾಡಿ ಮೇಲೇಳುತ್ತದೆ. ನಮ್ಮಪ್ಪ ರುದ್ರಸ್ವಾಮಿ ಈ ಕೆಲಸ ಶುರು ಮಾಡಿದವರು, ಅವರಿಗೆ ನಾನೊಬ್ಬಳೇ ಮಗಳು, ಹಾಗಾಗಿ ಅಂಗಡಿಯೂ ಕೆಲಸವೂ ನನಗೇ ಬಂತು. ನನ್ನ ಯಜಮಾನರು ಸದಾಶಿವಯ್ಯ ಪೋಸ್ಟಾಫೀಸಿನಲ್ಲಿದ್ದು ರಿಟೈರ್ ಆದವರು. ಅಂಗಡಿಗೆ ಅವರ ಕೊಡುಗೆ ಅಂದರೆ ಹತ್ತೂವರೆಗೂ ಮಧ್ಯಾಹ್ನವೂ ತಂದುಕೊಡುವ ಕಾಫಿ ಫ್ಲಾಸ್ಕು, ಮತ್ತೆ ನಾನು ಸೀರೆಯ ಮೇಲೆ ಹಾಕಿಕೊಳ್ಳುವ ಅವರ ಹಳೇ ಖಾಕಿ ಅಂಗಿ.

ಸುಚಿತ್ರಾ ವಿಷಯಕ್ಕೆ ಬಂದರು. ಭಾನುವಾರ ಕಡಕೊಳದ ಆಚೆ ಒಂದು ಹಳೇ ಕಲ್ಲಿನ ಕ್ವಾರಿಯಲ್ಲಿ ಅವರ ಜೀಪ್ ಕ್ಲಬ್ಬಿನವರೆಲ್ಲ ಸೇರಿ ಗುಂಡಿ, ಬಂಡೆ, ದಿಬ್ಬ ಹತ್ತಿಸುವ ಟ್ರಯಲ್ ಇಟ್ಟುಕೊಂಡಿದ್ದಾರೆ. ಒಟ್ಟು ಹನ್ನೆರಡು ಗಾಡಿ. ಹನ್ನೊಂದಕ್ಕೂ ಡಬ್ಬದ ಕಿಟ್ಟು. ಇವರೊಬ್ಬರದೇ ಬಾಕಿ. ಯಾರೋ ಹಳಬರು ನಮ್ಮ ಅಂಗಡಿಯ ಹೆಸರು ಹೇಳಿದ್ದರಂತೆ, ಆದರೆ ಕ್ಲಬ್ಬಿನ ಹಿರಿಯರು ಶಿವಶಂಕರ್ ಅಂತ ಒಬ್ಬ ರಿಟೈರ್ಡ್ ಎಂಜಿನಿಯರು ಬೇಡವೇ ಬೇಡ ಅಂದರಂತೆ.

“ಏನಂದ್ರು? ಸರಿಯಾಗಿ ಹೇಳಿ,” ಅಂದೆ.

“ಕೈಯಲ್ಲಿ ಬಡಿದ ಕಮಾನು ಎರಡು ಕಡೆ ಒಂದೇ ಎತ್ತರ ಬರೋದೇ ಇಲ್ಲ, ಗಾಡಿ ವಾಲ್ಕೊಂಡು ನಿಲ್ಲುತ್ತೆ ಅಂದ್ರು.”

ಶಿವನೇ! ಪಿತ್ತ ನೆತ್ತಿಗೇರಿತು. “ಗಾಡಿ ಬುಟ್ಟೋಗಿ,” ಅಂದೆ. “ಭಾನ್ವಾರ ಆ ಎಂಜಿನಿಯರ್ ಮುಂದೆ ನಿಲ್ಸಿ. ಒಂದು ಕೂದ್ಲೆಳೆ ವಾಲಿದ್ರೆ ನಮ್ಮ ಬೋರ್ಡ್ ನಾನೇ ಇಳಿಸ್ತೀನಿ.”

ಕೋಪದಲ್ಲಿ ಆಡಿದ ಮಾತೇನೋ ಹೌದು, ಆದರೆ ಸುಳ್ಳಲ್ಲ. ಈಗಿನ ಕಾರುಗಳಲ್ಲಿ ಕಮಾನು ಎಲ್ಲಿದೆ? ನಮಗೆ ಉಳಿದಿರುವುದು ಗೂಡ್ಸ್ ಟೆಂಪೋ, ಟ್ರ್ಯಾಕ್ಟರಿನ ಟ್ರೇಲರು, ಇಂಥ ಹಳೇ ಜೀಪುಗಳು. ಹನ್ನೊಂದು ಗಾಡಿಯವರ ಕಣ್ಣ ಮುಂದೆ ಈ ಮಾರ್ಷಲ್ ನೆಟ್ಟಗೆ ನಿಂತರೆ ಅವರೆಲ್ಲ ನಮ್ಮ ಬಾಗಿಲಿಗೆ ಬರುತ್ತಾರೆ. ವಾಲಿದರೆ, ರುದ್ರಸ್ವಾಮಿ ಕಮಾನ್ ವರ್ಕ್ಸ್‌ನ ಕೈ ಹೋಯಿತು ಅಂತ ಊರೆಲ್ಲ ಮಾತಾಗುತ್ತದೆ. ಆ ಕೈ ಅಂದರೆ ನನ್ನ ಕೈ.

ಬುಧವಾರ ಕೆಲಸ ಹಿಡಿದೆವು. ನಾವು ಅಂದರೆ ನಾನು ಮತ್ತು ನನ್ನ ಸೊಸೆ ಶಿಲ್ಪಶ್ರೀ. ಮಗ ಮೃತ್ಯುಂಜಯ ಸ್ಕೂಲ್ ಬಸ್ ಓಡಿಸುತ್ತಾನೆ, ಅವನಿಗೆ ಅಂಗಡಿ ಒಗ್ಗಲಿಲ್ಲ. ಒಗ್ಗಿದ್ದು ಅವನ ಹೆಂಡತಿಗೆ. ಮದುವೆಯಾದ ಹೊಸದರಲ್ಲಿ ಊಟದ ಕ್ಯಾರಿಯರ್ ತರುತ್ತಿದ್ದ ಹುಡುಗಿ ಒಂದು ದಿನ ಕೆಲಸದವನು ಬಾರದಿದ್ದಾಗ ಸೆರಗು ಸಿಕ್ಕಿಸಿಕೊಂಡು ಸಮ್ಮಟಿಗೆ ಎತ್ತಿದಳು. ಆರು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಗಟ್ಟಿಮುಟ್ಟಾದ ಗಂಡಸರೇ ಇಪ್ಪತ್ತು ಏಟಿಗೆ ನೀರು ಕೇಳುತ್ತಾರೆ, ಇವಳು ತುಟಿಪಿಟಕ್ಕೆನ್ನದೆ ಅರವತ್ತು ಹೊಡೆಯುತ್ತಾಳೆ. ಇದನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಹೊಗಳಿದರೆ ತಲೆ ಮೇಲೆ ಕೂರುತ್ತಾರೆ ಅನ್ನೋದು ನನ್ನ ಅಭಿಪ್ರಾಯವಾಗಿತ್ತು.

ಗಾಡಿಯನ್ನು ಜಾಕಿನ ಮೇಲೆ ಎತ್ತಿ ನಾಲ್ಕೂ ಕಮಾನು ಇಳಿಸಿದೆವು. ತೊಂಬತ್ತೆಂಟನೇ ಇಸವಿಯ ಗಾಡಿ. ಪಟ್ಟಿಗಳು ಮಧ್ಯಾಹ್ನ ಮುದ್ದೆ ಉಂಡು ಮಲಗಿದವರ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿದ್ದವು. ಒಂದೊಂದಕ್ಕೂ ಎರಡೆರಡು ಹೊಸ ಪಟ್ಟಿ ಸೇರಿಸಿ, ಪ್ರತಿಯೊಂದನ್ನೂ ಅಡಿಗಲ್ಲು ಅನ್ನುವ ಕಬ್ಬಿಣದ ದಿಮ್ಮಿಯ ಮೇಲಿಟ್ಟು ಬಾಗಿಸಿದೆವು. ಬೆಂಕಿ ಕೊಡುವಂತಿಲ್ಲ, ಕೊಟ್ಟರೆ ಉಕ್ಕಿನ ಬಿಗಿ ಹೋಗುತ್ತದೆ. ತಣ್ಣಗಿನ ಉಕ್ಕನ್ನು ಬರೀ ಏಟಿನಲ್ಲೇ ಬಗ್ಗಿಸಬೇಕು. ನಾನು ಹಿಡಿದೆ, ಅವಳು ಹೊಡೆದಳು. ಬೆಳಿಗ್ಗೆ ಹೊತ್ತು ನನ್ನ ಎಡಗೈ ಜೋಮು ಹಿಡಿದ ಹಾಗಾಗುತ್ತಿತ್ತು, ಚಳಿಗೆ ಇರಬೇಕು ಅಂದುಕೊಂಡು ಉಜ್ಜಿಕೊಂಡೆ.

ಗುರುವಾರ ಡಾಕ್ಟರು ತರಿಸಿದ್ದ ಹೊಸ ಟೈರು ಬಂದವು. ಮೂವತ್ತೊಂದು ಇಂಚಿನವು, ಅಗಲಕ್ಕೆ ಅಗಲ, ಮೈತುಂಬ ಗಂಟು. ಎದುರಿಗೆ ಟೀ ಅಂಗಡಿ ಇಟ್ಟಿರುವ ಭಾಗ್ಯಮ್ಮ ಕೈ ಒರೆಸಿಕೊಳ್ಳುತ್ತಾ ನೋಡಲು ಬಂದಳು.

“ಅಕ್ಕ, ಇದೇನು ಟೈರೋ, ಹಲಸಿನಹಣ್ಣೋ?”

“ಕುಯ್ದು ತೊಳೆ ಕೊಡ್ತೀನಿ, ಬಾ,” ಅಂದೆ.

ಅಷ್ಟು ದೊಡ್ಡ ಚಕ್ರ ತಿರುಗುವಾಗ ಉಜ್ಜಬಾರದು ಅಂತ ಮಡ್‌ಗಾರ್ಡಿನ ಅಂಚನ್ನು ಕತ್ತರಿಸಿ ಮಡಚಿದೆವು. ಗಾಡಿ ಎತ್ತರವಾದರೆ ಚಕ್ರ ಗುಂಡಿಗೆ ಇಳಿದಾಗ ಹಳೇ ಬ್ರೇಕ್ ಪೈಪು ಎಳೆದು ಕಿತ್ತುಹೋಗುತ್ತದೆ, ಅದನ್ನು ಉದ್ದದ್ದು ಹಾಕಿದೆವು. ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸದು. ಕೊನೆಗೆ ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಅಷ್ಟು ದಿನ ಬೆನ್ನು ಬಗ್ಗಿಸಿಕೊಂಡಿದ್ದ ಗಾಡಿ ಎದೆ ಎತ್ತಿ ನಿಂತಿತ್ತು.

ಇನ್ನು ಉಳಿದದ್ದು ಗೇಣಿನ ಪರೀಕ್ಷೆ. ಇದು ನಮ್ಮಪ್ಪನ ಪದ್ಧತಿ. ಗಾಡಿಯ ಅಡಿ ಅಂಗಾತ ಮಲಗಿ ಎರಡೂ ಕೈ ಚಾಚಬೇಕು. ಹೆಬ್ಬೆರಳು ಕೆಳಗೆ ಚಕ್ರದ ಅಚ್ಚಿಗೆ, ಕಿರುಬೆರಳು ಮೇಲೆ ಗಾಡಿಯ ಚೌಕಟ್ಟಿಗೆ, ಅಂದರೆ ಚಾಸಿಗೆ. ಎಡಗೈ ಗೇಣು ಎಡಗಡೆ, ಬಲಗೈ ಗೇಣು ಬಲಗಡೆ, ಎರಡೂ ಒಟ್ಟಿಗೆ ಸರಿಯಾಗಿ ತುಂಬಿದರೆ ಗಾಡಿ ಸಮ. ಟೇಪು ಗೀಪು ನಮ್ಮಲ್ಲಿಲ್ಲ. ನನ್ನ ಎರಡು ಗೇಣೂ ಎಳ್ಳಷ್ಟು ವ್ಯತ್ಯಾಸವಿಲ್ಲದೆ ಎಂಟೆಂಟು ಇಂಚು ಅಂತ ಅಪ್ಪ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು. ಮೂವತ್ತೈದು ವರ್ಷ ನಾನು ಹೀಗೇ ಅಳೆದಿದ್ದೇನೆ.

ಮಲಗಿದೆ, ಚಾಚಿದೆ. ಬಲಗಡೆ ಸರಿಯಾಗಿ ತುಂಬಿತು. ಎಡಗಡೆ ಕಿರುಬೆರಳು ಚಾಸಿಗೆ ತಾಗಲಿಲ್ಲ.

“ಎಡ ಜಾಸ್ತಿ ಎದ್ಬುಟ್ಟದೆ,” ಅಂದೆ. “ಎಡಗಡೆ ಎರಡೂ ಕಮಾನು ಬಿಚ್ಚು, ಒಂದ್ಚೂರು ಇಳಿಸ್ಬೇಕು.”

ಶಿಲ್ಪ ಸ್ವಲ್ಪ ದೂರ ಹೋಗಿ ನಿಂತು ಗಾಡಿ ನೋಡಿದಳು. “ಸರಿಯಾಗೇ ಅದೆಯಲ್ಲ ಅತ್ತೆ.”

“ನಿನ್ನ ಕಣ್ಣು ದೊಡ್ಡದೋ, ನನ್ನ ಕೈ ದೊಡ್ಡದೋ?”

ಅವಳು ಬಿಚ್ಚಿದಳು. ಬಾಗು ಇಳಿಸಿ ಮತ್ತೆ ಕೂರಿಸಿದೆವು. ಮತ್ತೆ ಮಲಗಿ ಅಳೆದೆ. ಈ ಸಲ ಎರಡೂ ಕೈ ಭರ್ತಿ. ಎದ್ದು ಬಂದು ಮುಖ ತೊಳೆದುಕೊಂಡು ಯಜಮಾನರ ಫ್ಲಾಸ್ಕಿನ ಕಾಫಿ ಕುಡಿದೆ, ಬಹಳ ರುಚಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಗಾಡಿಯನ್ನು ಹೊರಗೆ ತಂದು ರಸ್ತೆಬದಿ ನಿಲ್ಲಿಸಿದ್ದೇ ತಡ, ಭಾಗ್ಯಮ್ಮ ಅಲ್ಲಿಂದಲೇ ಕೂಗಿದಳು.

“ಅಕ್ಕೋ, ಗಾಡಿ ಎಡಕ್ಕೆ ವಾಲ್ದಂಗದೆ ಕಣಕ್ಕ!”

“ವಾಲಿರೋದು ನಿನ್ನ ಕತ್ತು! ಟೀ ಉಕ್ತಾ ಅದೆ, ಅತ್ಲಾಗ್ ನೋಡು!”

ಬೈದೆನೇ ಹೊರತು, ನಾನೂ ತಿರುಗಿ ನೋಡಿದೆ. ಗಾಡಿ ವಾಲಿತ್ತು. ಒಂದು ಬೆರಳಿನಷ್ಟು, ಆದರೆ ವಾಲಿದ್ದು ವಾಲಿದ್ದೇ. ರಸ್ತೆಯೇ ಇಳಿಜಾರು ಅಂದೆ. ಶಿಲ್ಪ ಗಾಡಿಯನ್ನು ತಿರುಗಿಸಿ ಎದುರುಮುಖ ನಿಲ್ಲಿಸಿದಳು, ಆಗಲೂ ಅದು ತನ್ನ ಎಡಕ್ಕೇ ವಾಲಿತು. ಟೈರಿನಲ್ಲಿ ಗಾಳಿ ಕಮ್ಮಿ ಅಂದೆ. ನಾಲ್ಕಕ್ಕೂ ಗಾಳಿ ನೋಡಿದಳು, ಸಮವಾಗಿತ್ತು. ಟೈರು ಮಾಡಿದವನಿಗೆ ಬೈದೆ, ರಸ್ತೆ ಮಾಡಿದವನಿಗೆ ಬೈದೆ, ಸುಮ್ಮನೆ ಕಾಫಿ ಹಿಡಿದುಕೊಂಡು ಬಂದ ಯಜಮಾನರಿಗೂ ಬೈದೆ. ಅವರು ಫ್ಲಾಸ್ಕು ಇಟ್ಟು ಬಂದ ದಾರಿಯಲ್ಲೇ ಹೋದರು.

ಮತ್ತೆ ಗಾಡಿಯ ಅಡಿ ನುಗ್ಗಿದೆ. ಎರಡೂ ಕೈ ಚಾಚಿದೆ. ಭರ್ತಿ. ಬಲವೂ ಭರ್ತಿ, ಎಡವೂ ಭರ್ತಿ. ನನಗೆ ಅಳು ಬರುವಂತಾಯಿತು. ಕೈ ಸಮ ಅನ್ನುತ್ತಿದೆ, ಕಣ್ಣು ವಾಲಿದೆ ಅನ್ನುತ್ತಿದೆ. ಯಾವುದನ್ನು ನಂಬಲಿ?

ಪಕ್ಕದಲ್ಲಿ ಸರಪರ ಸದ್ದಾಯಿತು. ಶಿಲ್ಪ ತೆವಳಿಕೊಂಡು ಬಂದು ನನ್ನ ಪಕ್ಕ ಮಲಗಿದಳು.

“ಅತ್ತೆ, ಒಂದ್ಸಲ ತಿರುಗಿ ಮಲೀಕಳಿ. ತಲೆ ಇದ್ದ ಕಡೆ ಕಾಲು ಹಾಕಿ.”

“ಯಾಕೆ?”

“ಸುಮ್ನೆ. ಕೈ ಅದಲು ಬದಲು ಮಾಡಿ ನೋಡಿ.”

ಬೈಯಬೇಕು ಅಂದುಕೊಂಡೆ. ಆದರೆ ಅವಳ ದನಿಯಲ್ಲಿ ಏನೋ ಇತ್ತು, ಬೈಯಲಾಗಲಿಲ್ಲ. ತಿಣುಕಿ ತಿಣುಕಿ ತಿರುಗಿ ಮಲಗಿದೆ. ಈಗ ಗಾಡಿಯ ಎಡಗಡೆಗೆ ನನ್ನ ಬಲಗೈ ಬಂತು. ಹೆಬ್ಬೆರಳು ಅಚ್ಚಿಗೆ ಇಟ್ಟು ಕೈ ಬಿಚ್ಚಿದೆ. ಬಿಚ್ಚಲು ಜಾಗವೇ ಇಲ್ಲ, ಕಿರುಬೆರಳು ಮಡಚಿಕೊಂಡಿತು. ಆ ಕಡೆ, ಗಾಡಿಯ ಬಲಗಡೆಗೆ, ನನ್ನ ಎಡಗೈ ಎಟುಕಲೇ ಇಲ್ಲ.

ಎರಡು ಕೈಗಳನ್ನೂ ಮುಖದ ಮುಂದೆ ತಂದು ಅಂಗೈಗೆ ಅಂಗೈ ಕೂಡಿಸಿ ಬೆರಳು ಬಿಡಿಸಿದೆ. ಬಲಗೈ ಹೆಬ್ಬೆರಳು ಪೂರ್ತಿ ಬಿಚ್ಚಿಕೊಂಡಿತು. ಎಡಗೈಯದು ಅರ್ಧಕ್ಕೇ ನಿಂತಿತು. ಬಲವಂತ ಮಾಡಿದರೆ ಮೊಣಕೈವರೆಗೆ ಝುಂ ಅಂತು. ಎಡಗೈ ಗೇಣು ಮುಕ್ಕಾಲು ಇಂಚು ಸಣ್ಣದಾಗಿತ್ತು. ಗುರುವಾರ ಸರಿಯಾಗಿದ್ದ ಗಾಡಿಯನ್ನು ಕೆಡಿಸಿದ್ದು ನಾನೇ. ಅವಮಾನವಾದಾಗ ನನಗೆ ಬರುವುದು ಒಂದೇ, ಕೋಪ.

“ನಿಂಗೆ ಗೊತ್ತಿತ್ತು ಅಲ್ವಾ?”

“ಯುಗಾದಿಯಿಂದ. ನಿಮ್ಮ ಎಡಗೈಯಿಂದ ಲೋಟ ಜಾರಿ ಬಿತ್ತಲ್ಲ, ಅವತ್ತಿಂದ. ಆದ್ರೆ ಗೇಣೇ ಸಣ್ಣದಾಗಿರೋದು ಈಗ ಹೊಳೀತು.”

“ಮತ್ಯಾಕೆ ಬಾಯಿ ಬುಡ್ಲಿಲ್ಲ?”

“ಹೇಳಿದ್ರೆ ಕೇಳೋರಾ ನೀವು? ನಿನ್ನೆ ಸರಿಯಾಗದೆ ಅಂದಿದ್ದಕ್ಕೆ ಏನಂದ್ರಿ?”

“ಅತ್ತೆ ಕೈ ಬಿದ್ದೋಗ್ಲಿ, ಅಂಗ್ಡಿ ನಂದಾಗ್ಲಿ ಅಂತ ಕಾಯ್ತಿದ್ದೆ ಅನ್ನು!”

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಗಾಡಿಯ ಅಡಿಯಲ್ಲಿ ಇಬ್ಬರೂ ಮೇಲೆ ನೋಡಿಕೊಂಡು ಮಲಗಿದ್ದೆವು, ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು. ಎಣ್ಣೆಗೈಯಲ್ಲೇ ಒರೆಸಿಕೊಂಡಳು, ಕೆನ್ನೆಯ ಮೇಲೆ ಕಪ್ಪು ಗೀರು ಬಿತ್ತು.

ಆಗ ನಾನು ಇನ್ನೂ ಒಂದು ಕೆಟ್ಟ ಮಾತು ಆಡಿದೆ. ಮೆಲ್ಲಗೆ ಹೇಳಿದೆ, “ಟೈಮಿಲ್ಲ. ಎಡಗಡೆ ಮುಕ್ಕಾಲು ಇಂಚಿನ ಪ್ಯಾಕಿಂಗ್ ತುಂಡು ಇಟ್ಬುಡಣ. ಯಾರಿಗೂ ಗೊತ್ತಾಗಕ್ಕಿಲ್ಲ.”

“ಆಗಲ್ಲ,” ಅಂದಳು.

“ಆಗಲ್ವಾ? ಯಾರಿಗೆ ಹೇಳ್ತಿದ್ದೀಯ?”

“ನಿಮ್ಗೇ. ಪ್ಯಾಕಿಂಗ್ ಇಟ್ರೆ ಆ ಡಬ್ಬಕ್ಕೂ ನಮ್ಗೂ ಏನು ವ್ಯತ್ಯಾಸ? ಗುಂಡೀಲಿ ಚಕ್ರ ಇಳಿದಾಗ ಆ ತುಂಡು ತಿರುಚ್ಕಂಡ್ರೆ ಡಾಕ್ಟ್ರಮ್ಮ ಒಳಗಿರ್ತಾರೆ. ನಾನು ಅದಕ್ಕೆ ಬೋಲ್ಟ್ ಬಿಗಿಯಲ್ಲ. ಬೇಕಾದ್ರೆ ನೀವೇ ಬಿಗ್ಕಳಿ.”

ಆರು ವರ್ಷದಲ್ಲಿ ಅವಳು ನನಗೆ ಇಲ್ಲ ಅಂದದ್ದು ಅದೇ ಮೊದಲು. ನನ್ನ ಅಪ್ಪ ಬದುಕಿದ್ದರೆ ಇದನ್ನೇ ಹೇಳುತ್ತಿದ್ದರು, ಇನ್ನೂ ನಾಲ್ಕು ಬೈಗುಳ ಸೇರಿಸಿ. ಪ್ಯಾಕಿಂಗ್ ಮಾತು ಅಲ್ಲಿಗೇ ಬಿಟ್ಟು, ತೆವಳಿಕೊಂಡು ಹೊರಗೆ ಬಂದೆ.

ನಾಲ್ಕು ಗಂಟೆಗೆ ಸುಚಿತ್ರಾ ಗಾಡಿ ಒಯ್ಯಲು ಬಂದರು. ದೂರದಿಂದಲೇ ವಾಲಿದ್ದು ಕಂಡಿತು ಅಂತ ಮುಖ ನೋಡಿದರೇ ಗೊತ್ತಾಯಿತು. ನಾನು ಸುತ್ತುಬಳಸಿ ಮಾತಾಡಲಿಲ್ಲ.

“ತಪ್ಪು ನಂದು. ನನ್ನ ಕೈ ತಪ್ಪು ಅಳೀತು. ನಾಳೆ ಸಾಯಂಕಾಲ ಕೊಡ್ತೀವಿ.”

ಅವರಿಗೆ ಬೇಸರವಾಗಿತ್ತು. “ನೋಡಿ ಮಹದೇವಮ್ಮನವ್ರೇ, ನಾನು ಎಲ್ಲರ ಮಾತು ತೆಗೆದುಹಾಕಿ ಇಲ್ಲಿಗೆ ಬಂದೆ. ಶಿವಶಂಕರ್ ಸರ್ ಹೇಳಿದ್ದೇ ನಿಜ ಆಯ್ತಲ್ಲ. ನಾಳೆ ನೆಟ್ಟಗೆ ನಿಲ್ಲದಿದ್ರೆ ಟ್ರಯಲ್ ಬಿಟ್ಬಿಡ್ತೀನಿ, ಆ ಕಿಟ್ಟೇ ತರಿಸ್ತೀನಿ.” ಇಷ್ಟು ಹೇಳಿ ಆಟೋ ಹತ್ತಿ ಹೋದರು.

ಶನಿವಾರ ಬೆಳಿಗ್ಗೆ ಎಡಗಡೆಯ ಎರಡೂ ಕಮಾನು ಬಿಚ್ಚಿ ಪಟ್ಟಿಗಳನ್ನು ಅಡಿಗಲ್ಲಿನ ಪಕ್ಕ ಸಾಲಾಗಿ ಇಟ್ಟಳು ಶಿಲ್ಪ. ಸಮ್ಮಟಿಗೆ ಎತ್ತಿಕೊಂಡು ನನಗಾಗಿ ಕಾದು ನಿಂತಳು. ನಾನು ಮೊದಲ ಪಟ್ಟಿ ಎತ್ತಿದೆ.

ಇಲ್ಲೊಂದು ಮಾತು ಹೇಳಬೇಕು. ನೋಡುವವರಿಗೆ ಹೊಡೆಯುವವರೇ ದೊಡ್ಡವರು ಅನ್ನಿಸುತ್ತದೆ. ನಮ್ಮ ಕೆಲಸದಲ್ಲಿ ಹಾಗಲ್ಲ, ಹಿಡಿಯುವವರೇ ಉಸ್ತಾದ್. ಏಟು ಬಿದ್ದಾಗ ಉಕ್ಕು ಎಲ್ಲಿ ಸೋತಿತು, ಎಲ್ಲಿ ಇನ್ನೂ ಹಟ ಮಾಡುತ್ತಿದೆ ಅನ್ನೋದು ಹಿಡಿದ ಅಂಗೈಗೆ ಗೊತ್ತಾಗಬೇಕು. ಗೊತ್ತಾಗಿ, ಮುಂದಿನ ಏಟಿನ ಒಳಗೆ ಪಟ್ಟಿಯನ್ನು ಒಂದು ಬೆರಳಷ್ಟು ಸರಿಸಬೇಕು. ಹೊಡೆಯುವವರು ಇದ್ದ ಜಾಗಕ್ಕೆ ಹೊಡೆಯುತ್ತಾರೆ, ಜಾಗ ಹೇಳುವುದು ಹಿಡಿದ ಕೈ. ಅಪ್ಪ ಹಾಸಿಗೆ ಹಿಡಿಯುವವರೆಗೂ ನನಗೆ ಹಿಡಿಯಲು ಕೊಟ್ಟಿರಲಿಲ್ಲ. ನಾನೂ ಯಾರಿಗೂ ಕೊಟ್ಟಿರಲಿಲ್ಲ.

ಶಿಲ್ಪ ಒಂದು ಏಟು ಹಾಕಿದಳು. ನನ್ನ ಎಡ ಅಂಗೈಗೆ ಏನೂ ತಿಳಿಯಲಿಲ್ಲ. ಇನ್ನೊಂದು ಏಟು. ಬರೀ ಜೋಮು. ಎಷ್ಟು ತಿಂಗಳಿಂದ ನಾನು ಅಂದಾಜಿನ ಮೇಲೆ ಹಿಡಿಯುತ್ತಿದ್ದೆ, ಎಷ್ಟು ಗಾಡಿಗೆ ಇವಳೇ ತನ್ನ ಏಟು ಹಿಂದೆ ಮುಂದೆ ಮಾಡಿ ಸರಿದೂಗಿಸಿದ್ದಳು, ಆ ಶಿವನಿಗೇ ಗೊತ್ತು. ಮೂರನೇ ಏಟಿಗೆ ನಾನು ಪಟ್ಟಿ ಕೆಳಗಿಟ್ಟೆ.

“ಸುತ್ತಿಗೆ ಇಲ್ಲಿ ಕೊಡು,” ಅಂದೆ. “ಪಟ್ಟಿ ನೀನು ಹಿಡ್ಕೋ.”

ಅವಳು ನನ್ನ ಮುಖ ನೋಡಿದಳು. “ಅತ್ತೆ, ಹತ್ತು ಪೌಂಡಿನ ಸುತ್ತಿಗೆ.”

“ನಿಮ್ಮಪ್ಪ ನಿನ್ನ ಹೆಸರಿಡೋಕ್ ಮುಂಚೇನೇ ನಾನು ಇದನ್ನ ಎತ್ತಿದ್ದೀನಿ. ಹಿಡ್ಕೋ ಸುಮ್ನೆ. ಬಲಗೈಗೇನೂ ದೊಡ್ಡ ರೋಗ ಬಂದಿಲ್ಲ, ಎಡಗೈ ಹಿಡಿಗೆ ಊರೋಕೆ ಸಾಕು.”

ಅವಳು ಕೂತಳು. ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಇಟ್ಟು ಕಣ್ಣು ಅರೆಮುಚ್ಚಿದಳು. ನಾನು ಹೊಡೆದೆ. ಅವಳು ಒಂದು ಬೆರಳು ಸರಿಸಿದಳು. ಹೊಡೆದೆ. ಸರಿಸಲಿಲ್ಲ, ಗಲ್ಲ ಅಲ್ಲಾಡಿಸಿದಳು, ಇನ್ನೊಂದು ಅಲ್ಲೇ ಬೇಕು ಅಂತ. ಹೊಡೆದೆ. “ಮೆಲ್ಲಗೆ,” ಅಂದಳು. ಐವತ್ತೆಂಟು ವರ್ಷದ ನನಗೆ, ನನ್ನ ಅಂಗಡಿಯಲ್ಲೇ, ಮೆಲ್ಲಗೆ ಅಂತ! ಮೂಗಿನವರೆಗೆ ಬಂದ ಕೋಪವನ್ನು ನುಂಗಿಕೊಂಡು ಮೆಲ್ಲಗೆ ಹೊಡೆದೆ. ಏಟಿನ ಸದ್ದು ಬದಲಾಯಿತು. ಕಟ್ ಕಟ್ ಅನ್ನುತ್ತಿದ್ದ ಉಕ್ಕು ಒಂದೇ ಸಮನೆ ಠಣ್ ಅನ್ನತೊಡಗಿತು. ಅದು ಪಟ್ಟಿ ಸರಿಯಾಗಿ ಕೂತು ಬಗ್ಗುತ್ತಿರುವ ಸದ್ದು. ಅಪ್ಪ ಹಿಡಿದಾಗ ಆ ಸದ್ದು ಬರುತ್ತಿತ್ತು. ನಾನು ಹಿಡಿದಾಗಲೂ ಬರುತ್ತಿತ್ತು, ಹಿಂದೆ.

ಹದಿನೆಂಟು ಪಟ್ಟಿ. ಎರಡು ಸಲ ಕೂತೆ, ಮೂರು ಸಲ ನೀರು ಕುಡಿದೆ, ಭುಜ ಬಿದ್ದುಹೋಗುತ್ತದೆ ಅನ್ನಿಸಿತು. ಅವಳು ಒಂದು ಸಲವೂ ಸಾಕು ಅನ್ನಲಿಲ್ಲ, ನಾನು ಒಂದು ಸಲವೂ ಸಾಕೇ ಅಂತ ಕೇಳಲಿಲ್ಲ. ಭಾಗ್ಯಮ್ಮ ಟೀ ತಂದವಳು ಲೋಟ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

“ಇದೇನಕ್ಕ, ಇವತ್ತು ಸೊಸೆ ಕೂತವ್ಳೆ, ಅತ್ತೆ ದುಡೀತಾವ್ಳೆ?”

“ಕಣ್ಣು ತುಂಬ ನೋಡ್ಕೋ,” ಅಂದೆ, ಏದುಸಿರು ಬಿಡುತ್ತಾ.

ಸಂಜೆ ಐದಕ್ಕೆ ಕಮಾನು ಕೂರಿಸಿ ಗಾಡಿ ಇಳಿಸಿದೆವು. ಶಿಲ್ಪ ತನ್ನ ಬ್ಯಾಗಿನಿಂದ ಒಂದು ಟೇಪು ತೆಗೆದಳು. ನನ್ನ ಹುಬ್ಬು ಗಂಟಿಕ್ಕಿದ್ದು ನೋಡಿ ಅಂದಳು, “ನಿಮ್ಮ ಗೇಣು ನಿಮ್ದು, ನನ್ನ ಗೇಣು ನಂದು. ಟೇಪು ಎಲ್ರುದೂ ಅಲ್ವಾ ಅತ್ತೆ.” ನಾಲ್ಕೂ ಮೂಲೆ ಅಳೆದಳು. ಎಡಕ್ಕೂ ಬಲಕ್ಕೂ ಒಂದು ಗೆರೆಯ ವ್ಯತ್ಯಾಸವೂ ಇರಲಿಲ್ಲ. ಸುಚಿತ್ರಾ ಬಂದು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟು, “ನಾಳೆ ನೀವಿಬ್ರೂ ಬರಲೇಬೇಕು,” ಅಂದರು.

ಕ್ವಾರಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಚುರು ಅನ್ನುತ್ತಿತ್ತು. ಹನ್ನೆರಡು ಗಾಡಿ ಸಾಲಾಗಿ ನಿಂತಿದ್ದವು, ನಮ್ಮದು ಎಲ್ಲಕ್ಕಿಂತ ಹಳೆಯದು. ಶಿವಶಂಕರ್ ಅನ್ನುವವರು ಬಿಳಿ ಟೋಪಿ ಹಾಕಿಕೊಂಡು ಸೀಟಿ ಊದುತ್ತಿದ್ದರು. ಎಲ್ಲಕ್ಕಿಂತ ಕಷ್ಟದ್ದು ಅಡ್ಡಗುಂಡಿ: ಒಂದು ಕಡೆ ಸೊಂಟದಷ್ಟು ಆಳ, ಇನ್ನೊಂದು ಕಡೆ ದಿಬ್ಬ, ಅದಾದ ಮೇಲೆ ಅದೇ ತಿರುಗಾಮುರುಗಾ. ಅಲ್ಲಿ ಕಮಾನು ಚೆನ್ನಾಗಿ ಇಳಿದು ಏಳದಿದ್ದರೆ ಚಕ್ರ ಗಾಳಿಯಲ್ಲಿ ನಿಂತು ಸುಮ್ಮನೆ ಗಿರಗಿರ ತಿರುಗುತ್ತದೆ. ಮೊದಲು ಹೋದ ಐದು ಗಾಡಿಯಲ್ಲಿ ನಾಲ್ಕು ಹಾಗೇ ಸಿಕ್ಕಿಕೊಂಡವು, ಹಗ್ಗ ಕಟ್ಟಿ ಎಳೆದರು.

ಸುಚಿತ್ರಾ ಇಳಿಸಿದರು. ಎಡಗಡೆಯ ಹಿಂದಿನ ಚಕ್ರ ಗುಂಡಿಗೆ ಜಾರಿತು. ನಾನು ಶಿಲ್ಪಳ ತೋಳು ಹಿಡಿದುಕೊಂಡೆ. ಕಮಾನು ಮೆಲ್ಲಗೆ ಬಿಚ್ಚಿಕೊಂಡಿತು, ಚಕ್ರ ಕೆಳಗೆ, ಇನ್ನೂ ಕೆಳಗೆ ಹೋಗಿ ನೆಲ ಮುಟ್ಟಿತು. ಟೈರಿನ ಗಂಟುಗಳು ಮಣ್ಣು ಕಚ್ಚಿದವು. ಗಾಡಿ ಒಂದು ಸಲ ಉಸಿರು ತೆಗೆದುಕೊಂಡು ಆಚೆ ದಡಕ್ಕೆ ಹತ್ತಿಬಿಟ್ಟಿತು. ಹಗ್ಗ ಹಿಡಿದು ನಿಂತಿದ್ದವರು ಹಗ್ಗ ಬಿಟ್ಟು ಚಪ್ಪಾಳೆ ಹೊಡೆದರು. ನಾನು ಅತ್ತೆ, ಅವಳು ಸೊಸೆ ಅನ್ನೋದನ್ನೆಲ್ಲ ಮರೆತು ಶಿಲ್ಪಳನ್ನು ತಬ್ಬಿಕೊಂಡು ಕುಣಿದೆ.

ಟ್ರಯಲ್ ಮುಗಿದು ಗಾಡಿ ಸಮನೆಲಕ್ಕೆ ಬಂದು ನಿಂತಿತು. ಶಿಲ್ಪ ಯಾರ ಮಾತಿಗೂ ಕಾಯದೆ ಅದರ ಅಡಿ ತೂರಿದಳು, ಬೋಲ್ಟು ಸಡಿಲವಾಗಿದೆಯೇ ನೋಡಲು. ಶಿವಶಂಕರ್ ಬಂದರು. ಗಾಡಿಯ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು, ಮುಂದೆ ಹೋಗಿ ನೋಡಿದರು, ಮೊಬೈಲನ್ನು ಬಂಪರಿನ ಮೇಲೆ ಇಟ್ಟು ಮಟ್ಟ ನೋಡಿದರು. ಎಷ್ಟು ನೋಡಿದರೂ ಗಾಡಿ ನೆಟ್ಟಗೇ ಇತ್ತು. ಕೊನೆಗೆ ಟೋಪಿ ತೆಗೆದರು.

“ಡಾಕ್ಟ್ರೇ, ಕಮಾನು ಕಟ್ಟಿದ್ದು ಯಾರು?”

“ಇವ್ರೇ ಸರ್, ಮಹದೇವಮ್ಮನವ್ರು. ಬನ್ನಿಮಂಟಪದ ರುದ್ರಸ್ವಾಮಿಯವರ ಮಗಳು,” ಅಂದರು ಸುಚಿತ್ರಾ. ಹನ್ನೊಂದು ಗಾಡಿಯವರೂ ನನ್ನ ಕಡೆ ತಿರುಗಿದರು.

“ಅಮ್ಮ, ನಾನು ಆಡಿದ ಮಾತು ತಪ್ಪಾಯ್ತು,” ಅಂದರು ಶಿವಶಂಕರ್. “ನನ್ನ ಗಾಡೀನೂ ನೀವೇ ಮಾಡ್ಕೊಡ್ಬೇಕು. ನಿಮ್ಮ ಕೈ ಅಂದ್ರೆ ಕೈ.”

ಮೂವತ್ತೈದು ವರ್ಷದಿಂದ ಕೇಳಬೇಕು ಅಂತ ಆಸೆಪಟ್ಟ ಮಾತು ಅದು. ಹೂಂ ಅಂದಿದ್ದರೆ ಸಾಕಿತ್ತು. ನಾನು ಬಗ್ಗಿ, ಗಾಡಿಯ ಅಡಿಯಿಂದ ಹೊರಗೆ ಚಾಚಿಕೊಂಡಿದ್ದ ಎರಡು ಕಾಲು ಹಿಡಿದು ಎಳೆದೆ. ಶಿಲ್ಪ ಸ್ಪ್ಯಾನರ್ ಸಮೇತ ಹೊರಗೆ ಬಂದಳು, ತಲೆತುಂಬ ಕೆಂಪು ಮಣ್ಣು.

“ಈ ಕಮಾನು ಹಿಡಿದೋಳು ಇವಳು,” ಅಂದೆ. “ನಾನು ಬರೀ ಹೊಡ್ದೋಳು. ನಮ್ಮ ಅಂಗ್ಡಿ ಉಸ್ತಾದು ನಮ್ಮ ಸೊಸೆ ಶಿಲ್ಪಶ್ರೀ. ಯಾವಾಗ ತರ್ಬೇಕು ಅಂತ ಅವಳನ್ನೇ ಕೇಳಿ.”

ಶಿವಶಂಕರ್ ಅವಳ ಕಡೆ ತಿರುಗಿ ಕೈ ಮುಗಿದರು. “ನಾಳೆ ಬೆಳಿಗ್ಗೆ ತರ್ಲೇನಮ್ಮ?”

ಶಿಲ್ಪ ನನ್ನ ಮುಖ ನೋಡಲಿಲ್ಲ. ಎದ್ದು ನಿಂತು ಬಟ್ಟೆ ಕೊಡವಿಕೊಂಡಳು.

“ನಾಳೆ ಅಂಗ್ಡಿ ರಜ ಸರ್,” ಅಂದಳು. “ನಮ್ಮತ್ತೆ ಕೈ ಡಾಕ್ಟ್ರಿಗೆ ತೋರಿಸ್ಬೇಕು. ಮಂಗಳವಾರ ತನ್ನಿ.”

ನನ್ನನ್ನು ಒಂದು ಮಾತು ಕೇಳದೆ ನನ್ನ ಅಂಗಡಿಗೆ ರಜ ಹಾಕಿದಳು, ಅಷ್ಟು ಜನರ ಮುಂದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಮಂಗಳವಾರವೇ ತನ್ನಿ ಅಂತ ನಾನೂ ಹೇಳಿದೆ.